ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ

(ಗಿರಣಿ ಕೇರಿಯಲ್ಲಿ ಕಾರ್ಮಿಕರೂ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಜಾಗದಲ್ಲಿ ನಿಂತು ನಾವು ಬೋನಸ್ಸಿನ ಮಾತು ಆಡಿದ್ದೇವೆ, ಅಕ್ಕಿ ಧಾರಣೆಯ ಮಾತು ಆಡಿದ್ದೇವೆ, ಸಂತೆ ಸುಂಕದ ಮಾತೂ ಆಡಿದ್ದೇವೆ. ಈ ದಿನ ಬಸುರಿ ಹೆಂಗಸಿನ ರಕ್ತದಲ್ಲಿರುವ ಸಕ್ಕರೆಯ ಮಾತು ಏಕೆ ಎಂದು ಕೆಲವರು ತಮ್ಮಲ್ಲೇ ಕೇಳಿಕೊಳ್ಳುತ್ತಿರಬಹುದು. ಅದು ಹೆಂಗಸರ ವಿಷಯ, ಡಾಕ್ಟರ ವಿಷಯ, ಗಂಡಸರ ಸಭೆಯಲ್ಲಿ ಅದಕ್ಕೇನು ಕೆಲಸ ಎಂದು ಮುಂದಿನ ಸಾಲಿನಲ್ಲಿ ಒಬ್ಬರು ನಕ್ಕದ್ದನ್ನೂ ನಾನು ಕಂಡೆ. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಮನೆಯಲ್ಲಿ ತೊಟ್ಟಿಲು ಕಟ್ಟಿ, ಹಳೆ ಸೀರೆಯ ಕೌದಿ ಹೊಲಿದು ಇಟ್ಟ ಮೇಲೆ, ಒಂಬತ್ತನೆಯ ತಿಂಗಳಲ್ಲಿ ಬರಿಗೈಯಲ್ಲಿ ಆಸ್ಪತ್ರೆಯಿಂದ ಹಿಂದಿರುಗಿದರೆ ಆ ದುಃಖ ಹೆಂಗಸಿನದು ಮಾತ್ರವೇ? ದುಃಖದಲ್ಲಿ ಪಾಲುಂಟಾದರೆ ತಿಳಿವಳಿಕೆಯಲ್ಲಿಯೂ ಪಾಲು ಇರಬೇಕು.

ನಾನು ಡಾಕ್ಟರನಲ್ಲ, ಕನ್ನಡ ಶಾಲೆಯಲ್ಲಿ ಕರಿಹಲಗೆಯ ಮುಂದೆ ನಿಂತಿದ್ದವನು. ಡಾಕ್ಟರು ಹೇಳುವುದನ್ನು ನಮ್ಮ ಮನೆಯ ಮಾತಿನಲ್ಲಿ ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ. ಮದ್ದು ಕೊಡುವುದು, ಅದರ ಪ್ರಮಾಣ ಹೇಳುವುದು ಡಾಕ್ಟರಿಗೆ ಬಿಟ್ಟದ್ದು.

ಇದು ಶ್ರೀಮಂತರ ರೋಗವೇ?

ಸಕ್ಕರೆ ಕಾಯಿಲೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವವರು ಗಾದಿಯ ಮೇಲೆ ಕುಳಿತ, ಹೊಟ್ಟೆ ಬೆಳೆದ ಸಾಹುಕಾರರು. ಮೈ ಮುರಿದು ದುಡಿಯುವವರಿಗೆ ಅದು ಬಾರದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಈ ನಂಬಿಕೆ ತಪ್ಪು. ಬಸುರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆಯ ಮಟ್ಟಿಗಂತೂ ಅಪಾಯಕಾರಿಯಾದ ತಪ್ಪು.

ನಮ್ಮ ರಾಜ್ಯದ ಮೈಸೂರಿನಲ್ಲಿಯೇ, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಬರುತ್ತಿದ್ದ ಬಸುರಿಯರನ್ನು 1997-98ರಲ್ಲಿ ಪರೀಕ್ಷಿಸಿ ನೋಡಿದರು. 100 ಮಂದಿಯಲ್ಲಿ 6 ಮಂದಿಗೆ ಈ ಕಾಯಿಲೆ ಇತ್ತು. ಆಗ ಹಿಡಿದಿದ್ದ ಅಳತೆ ಈಗಿನದಕ್ಕಿಂತ ಬಿಗಿಯಾದದ್ದು. ಭಾರತ ಸರ್ಕಾರ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದೇಶದ ಅಂದಾಜನ್ನು 100ಕ್ಕೆ 10ರಿಂದ 14 ಎಂದು ಕೊಟ್ಟಿದ್ದಾರೆ. ಊರಿನಿಂದ ಊರಿಗೆ ಈ ಲೆಕ್ಕ ಏರುಪೇರಾಗುತ್ತದೆ. ಆದರೂ ಒಂದು ಕೇರಿಯಲ್ಲಿ ಹತ್ತು ಬಸುರಿಯರಿದ್ದರೆ ಅವರಲ್ಲಿ ಒಬ್ಬಳಿಗೆ ಇದು ಇರಬಹುದು ಎಂದು ತಿಳಿಯುವುದೇ ಬುದ್ಧಿವಂತಿಕೆ.

ಆ ಒಬ್ಬಳು ಯಾರು? ಮುಖ ನೋಡಿ ಹೇಳಲಾಗದು. ತಾಯಿಗೋ ತಂದೆಗೋ ಸಕ್ಕರೆ ಕಾಯಿಲೆ ಇದ್ದವರು, ಮೈತೂಕ ಹೆಚ್ಚಿದವರು, ವಯಸ್ಸು ಮೀರಿ ಬಸುರಾದವರು, ಹಿಂದಿನ ಮಗು ಬಹಳ ದಪ್ಪ ಹುಟ್ಟಿದವರು ಅಥವಾ ಹೊಟ್ಟೆಯಲ್ಲೇ ತೀರಿಹೋದವರು—ಇಂಥವರಿಗೆ ಅಪಾಯ ಹೆಚ್ಚು ಎಂಬುದು ನಿಜ. ಆದರೆ ಇವುಗಳಲ್ಲಿ ಒಂದೂ ಇಲ್ಲದ, ತೆಳ್ಳನೆಯ, ಇಪ್ಪತ್ತೆರಡರ ಹುಡುಗಿಗೂ ಬರಬಹುದು. ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ಬಾಯಾರಿಕೆ, ಸುಸ್ತು, ಪದೇ ಪದೇ ಮೂತ್ರಕ್ಕೆ ಹೋಗುವುದು ಇವೆಲ್ಲ ಬಸುರಿನಲ್ಲಿ ಸಹಜವಾಗಿಯೂ ಇರತಕ್ಕವು. ಆದುದರಿಂದಲೇ ಯಾರಿಗೆ ಸಂಶಯವೋ ಅವರಿಗೆ ಮಾತ್ರ ಪರೀಕ್ಷೆ ಎಂಬ ಹಳೆಯ ಪದ್ಧತಿ ನಮ್ಮ ದೇಶಕ್ಕೆ ಒಗ್ಗದು. ಪ್ರತಿಯೊಬ್ಬ ಬಸುರಿಗೂ ಪರೀಕ್ಷೆ ಆಗಬೇಕು.

ಹೊಟ್ಟೆಯೊಳಗಿನ ವ್ಯವಹಾರ

ಈ ಕಾಯಿಲೆ ಬರುವ ಬಗೆಯನ್ನು ಸ್ವಲ್ಪ ತಿಳಿಯೋಣ. ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಕೊನೆಗೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆ ರಕ್ತದಿಂದ ಮಾಂಸಖಂಡಗಳಿಗೆ ಹೋಗಬೇಕಾದರೆ ಇನ್ಸುಲಿನ್ ಎಂಬ ರಸ ಬೇಕು. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ ಅದನ್ನು ತಯಾರಿಸುತ್ತದೆ. ಇನ್ಸುಲಿನ್ ಇದ್ದರೆ ಬಾಗಿಲು ತೆರೆಯುತ್ತದೆ, ಸರಕು ಒಳಗೆ ಹೋಗುತ್ತದೆ; ಇಲ್ಲವಾದರೆ ಸರಕು ಬೀದಿಯಲ್ಲೇ ಬಿದ್ದಿರುತ್ತದೆ.

ಬಸುರಾದಾಗ ಮಗುವಿಗೆ ಆಹಾರ ಒದಗಿಸುವ ಮಾಸು ಕೆಲವು ರಸಗಳನ್ನು ಬಿಡುತ್ತದೆ. ಅವು ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಇದರಲ್ಲಿ ಪ್ರಕೃತಿಯ ಉದ್ದೇಶ ಕೆಟ್ಟದ್ದೇನಲ್ಲ. ತಾಯಿಯ ರಕ್ತದಲ್ಲಿ ಸಕ್ಕರೆ ಸ್ವಲ್ಪ ಹೆಚ್ಚು ಹೊತ್ತು ಉಳಿದು ಮಗುವಿಗೆ ಸಿಗಲಿ ಎಂಬುದು. ಬಹುಪಾಲು ತಾಯಂದಿರ ಗ್ರಂಥಿ ಇದಕ್ಕೆ ತಕ್ಕಂತೆ ಎರಡು ಮೂರು ಪಟ್ಟು ಇನ್ಸುಲಿನ್ ತಯಾರಿಸಿ ಸಮತೂಕ ಕಾಯುತ್ತದೆ. ಕೆಲವರ ಗ್ರಂಥಿಗೆ ಅಷ್ಟು ಶಕ್ತಿ ಸಾಲದು. ಆರನೆಯ ತಿಂಗಳ ಹೊತ್ತಿಗೆ ಮಾಸಿನ ಒತ್ತಡ ಹೆಚ್ಚಾಗುತ್ತಿದ್ದಂತೆ ಅವರ ರಕ್ತದಲ್ಲಿ ಸಕ್ಕರೆ ಏರುತ್ತದೆ. ಅದರಲ್ಲಿ ತಾಯಿಯ ತಪ್ಪು ಏನೂ ಇಲ್ಲ. "ಸಿಹಿ ತಿಂದು ತಿಂದು ತಂದುಕೊಂಡಳು" ಎಂದು ಅತ್ತೆಯವರು ಹೇಳುವುದು ನ್ಯಾಯವಲ್ಲ.

ಇನ್ನು ಮಗುವಿನ ಮಾತು. ತಾಯಿಯ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೆಚ್ಚು ಸಕ್ಕರೆ ಬಂದಾಗ ಮಗು ತನ್ನ ಎಳೆಯ ಗ್ರಂಥಿಯಿಂದಲೇ ಹೆಚ್ಚು ಇನ್ಸುಲಿನ್ ತಯಾರಿಸಬೇಕಾಗುತ್ತದೆ. ಆ ಇನ್ಸುಲಿನ್ ಸಕ್ಕರೆಯನ್ನೆಲ್ಲ ಕೊಬ್ಬಾಗಿಸಿ ಮಗುವನ್ನು ಅತಿಯಾಗಿ ದಪ್ಪಗೊಳಿಸುತ್ತದೆ. ಡೆನ್ಮಾರ್ಕ್ ದೇಶದ ಪೀಡರ್ಸನ್ ಎಂಬ ಡಾಕ್ಟರು 1950ರ ದಶಕದಲ್ಲಿಯೇ ಈ ನಂಟನ್ನು ವಿವರಿಸಿದರು.

ದಪ್ಪ ಮಗು ಹುಟ್ಟಿದರೆ ನಾವು ಸಂತೋಷಪಡುತ್ತೇವೆ. "ನಾಲ್ಕು ಕಿಲೋ ಮಗು, ಪೈಲ್ವಾನ" ಎಂದು ಪೇಡೆ ಹಂಚುತ್ತೇವೆ. ಎಲ್ಲ ದಪ್ಪ ಮಗುವಿಗೂ ಕಾಯಿಲೆ ಇರುತ್ತದೆಂದು ಅರ್ಥವಲ್ಲ. ಆದರೆ ಸಕ್ಕರೆಯಿಂದ ದಪ್ಪವಾದ ಮಗುವಿಗೆ ಹೆರಿಗೆಯ ಸಮಯದಲ್ಲಿ ತಲೆ ಹೊರಬಂದು ಹೆಗಲು ಸಿಕ್ಕಿಕೊಳ್ಳುವ ಭಯವುಂಟು; ತೋಳಿನ ನರಕ್ಕೆ, ಎಲುಬಿಗೆ ಪೆಟ್ಟಾಗಬಹುದು. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯ ಸಕ್ಕರೆ ನಿಲ್ಲುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಹಾಗೆಯೇ ಇರುತ್ತದೆ; ಆಗ ಮಗುವಿನ ರಕ್ತದ ಸಕ್ಕರೆ ಥಟ್ಟನೆ ಕುಸಿಯುತ್ತದೆ. ಉಸಿರಾಟದ ತೊಂದರೆ, ಕಾಮಾಲೆ ಬರಬಹುದು. ಸಕ್ಕರೆ ಅಂಕೆಯಲ್ಲಿಲ್ಲದಿದ್ದರೆ ಮಗು ಹೊಟ್ಟೆಯಲ್ಲಿಯೇ ಸಾಯುವುದೂ ಉಂಟು. ತಾಯಿಗೆ ರಕ್ತದೊತ್ತಡ ಏರುವುದು, ಗರ್ಭಜಲ ಹೆಚ್ಚುವುದು, ಕೊಯ್ದು ಹೆರಿಗೆ ಮಾಡಿಸಬೇಕಾಗುವುದು, ಇವೂ ಹೆಚ್ಚು.

ಇಷ್ಟನ್ನು ಹೇಳಿದ್ದು ಹೆದರಿಸುವುದಕ್ಕಲ್ಲ. ಇದರಲ್ಲಿ ಬಹುಭಾಗವನ್ನು ತಡೆಯಬಹುದು ಎಂಬುದೇ ಈ ದಿನದ ಮುಖ್ಯ ಮಾತು. ಆಸ್ಟ್ರೇಲಿಯಾದಲ್ಲಿ ಈ ಕಾಯಿಲೆಯಿದ್ದ 1,000 ಬಸುರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಹಾರದ ಸಲಹೆ, ಸಕ್ಕರೆಯ ತಪಾಸಣೆ, ಬೇಕಾದವರಿಗೆ ಇನ್ಸುಲಿನ್ ಕೊಟ್ಟರು. ಇನ್ನೊಂದು ಗುಂಪಿಗೆ ವಾಡಿಕೆಯ ಆರೈಕೆ ಮಾತ್ರ. ಫಲಿತಾಂಶ 2005ರಲ್ಲಿ ಹೊರಬಂತು. ಮಗುವಿನ ಸಾವು, ಹೆಗಲು ಸಿಕ್ಕಿಕೊಳ್ಳುವುದು, ಎಲುಬು ಮುರಿಯುವುದು, ನರದ ಪೆಟ್ಟು—ಇಂಥ ದೊಡ್ಡ ಅಪಾಯಗಳು ವಾಡಿಕೆಯ ಗುಂಪಿನಲ್ಲಿ 100ಕ್ಕೆ 4 ಇದ್ದರೆ, ಚಿಕಿತ್ಸೆ ಪಡೆದ ಗುಂಪಿನಲ್ಲಿ 100ಕ್ಕೆ 1ಕ್ಕೆ ಇಳಿದಿದ್ದವು. ಕಂಡುಹಿಡಿದರೆ ತಡೆಯಬಹುದು, ಕಂಡುಹಿಡಿಯದಿದ್ದರೆ ವಿಧಿಯ ಮೇಲೆ ಹಾಕಿ ಅಳಬೇಕು.

ಎರಡು ಗಂಟೆಯ ಪರೀಕ್ಷೆ

ಕಂಡುಹಿಡಿಯುವುದು ಹೇಗೆ? ಮೂತ್ರದಲ್ಲಿ ಸಕ್ಕರೆ ನೋಡಿದರೆ ಸಾಲದು. ಬಸುರಿನಲ್ಲಿ ಕಾಯಿಲೆಯಿಲ್ಲದವರ ಮೂತ್ರದಲ್ಲಿಯೂ ಸಕ್ಕರೆ ಕಾಣಬಹುದು, ಇದ್ದವರ ಮೂತ್ರದಲ್ಲಿ ಕಾಣದೆಯೂ ಹೋಗಬಹುದು. ರಕ್ತವನ್ನೇ ನೋಡಬೇಕು.

ಹಿಂದೆ ಇದಕ್ಕೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ಮೂರು ನಾಲ್ಕು ಸಲ ರಕ್ತ ಕೊಡಬೇಕು ಎಂಬ ಕ್ರಮವಿತ್ತು. ದೊಡ್ಡ ಆಸ್ಪತ್ರೆಯ ಪಕ್ಕದಲ್ಲಿ ಮನೆಯಿದ್ದವರಿಗೆ ಅದು ಸರಿ. ರಾತ್ರಿ ಪಾಳಿ ಮುಗಿಸಿ ಬಂದ ಹೆಣ್ಣುಮಗಳಿಗೆ, ಹತ್ತು ಮೈಲಿ ದೂರದ ಹಳ್ಳಿಯಿಂದ ಬಸ್ಸು ಹತ್ತಿ ಬಂದವಳಿಗೆ, "ಈ ದಿನ ಉಂಡಿದ್ದೀಯಲ್ಲ, ನಾಳೆ ಉಪವಾಸ ಬಾ" ಎಂದರೆ ಅವಳು ನಾಳೆ ಬರುವುದಿಲ್ಲ. ಇನ್ನೊಂದು ದಿನದ ಕೂಲಿ ಬಿಡಲು ಅವಳಿಗೆ ಶಕ್ತಿಯಿಲ್ಲ. ಈ ಸತ್ಯವನ್ನು ಅರಿತು, ಒಂದೇ ಭೇಟಿಯಲ್ಲಿ ಮುಗಿಯುವ ಸುಲಭ ಪರೀಕ್ಷೆಯನ್ನು ಬಳಕೆಗೆ ತರಲು ದುಡಿದವರು ಚೆನ್ನೈನ ಡಾಕ್ಟರ್ ವಿ. ಶೇಷಯ್ಯನವರು. ಅವರ ಹುಟ್ಟಿದ ದಿನವಾದ ಮಾರ್ಚ್ 10ನ್ನು ನಮ್ಮ ದೇಶದಲ್ಲಿ ಈ ಕಾಯಿಲೆಯ ತಿಳಿವಳಿಕೆಯ ದಿನವಾಗಿ ಆಚರಿಸುತ್ತಾರೆ. ಸರ್ಕಾರದ 2014ರ ಮಾರ್ಗಸೂಚಿಯೂ, ಅದನ್ನು ತಿದ್ದಿ 2018ರಲ್ಲಿ ಹೊರಡಿಸಿದ್ದೂ ಇದೇ ಪರೀಕ್ಷೆಯನ್ನು ಒಪ್ಪಿಕೊಂಡಿವೆ.

ಕ್ರಮ ಹೀಗಿದೆ. ಉಂಡಿರಲಿ, ಉಣ್ಣದಿರಲಿ, 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕದಡಿ ಐದು ಹತ್ತು ನಿಮಿಷದೊಳಗೆ ಕುಡಿಯಬೇಕು. ಎರಡು ಗಂಟೆ ಏನನ್ನೂ ತಿನ್ನದೆ ಕುಳಿತಿರಬೇಕು. ಆಮೇಲೆ ಬೆರಳಿಗೆ ಒಂದು ಸಣ್ಣ ಚುಚ್ಚು, ಒಂದು ಹನಿ ರಕ್ತ, ಕೈಯಲ್ಲಿ ಹಿಡಿಯುವ ಒಂದು ಯಂತ್ರ. ಒಂದು ಡೆಸಿಲೀಟರ್ ರಕ್ತಕ್ಕೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಕಂಡರೆ ಕಾಯಿಲೆ ಇದೆ ಎಂದು ಲೆಕ್ಕ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು. ಅರ್ಧ ಗಂಟೆ ಕಳೆದ ಮೇಲೆ ಆದರೆ ಪರೀಕ್ಷೆ ಮುಂದುವರಿಯಬಹುದು. ವ್ಯಾಪಾರಸ್ಥ ಮಿತ್ರರಿಗೆ ತೂಕದ ಮಹತ್ವ ಹೇಳಬೇಕಿಲ್ಲ. 75 ಎಂದರೆ 75, ಕಣ್ಣಂದಾಜಿನ ನಾಲ್ಕು ಚಮಚವಲ್ಲ. ಆದುದರಿಂದ ಇದನ್ನು ಮನೆಯಲ್ಲಿ ಮಾಡಿಕೊಳ್ಳಲು ಹೋಗದೆ ದಾದಿಯರ ಮುಂದೆಯೇ ಮಾಡಿಸಬೇಕು.

ಈ ಪರೀಕ್ಷೆ ಎರಡು ಸಲ ಆಗಬೇಕು. ಬಸುರು ಖಚಿತವಾಗಿ ಮೊದಲ ಸಲ ಆಸ್ಪತ್ರೆಗೆ ಹೋದಾಗ ಒಂದು. ಆಗ ಸರಿಯಿದ್ದರೆ 24ರಿಂದ 28ನೆಯ ವಾರದೊಳಗೆ ಇನ್ನೊಂದು. ಮೊದಲನೆಯದರಲ್ಲಿ ಏನೂ ಇಲ್ಲ ಎಂದು ಎರಡನೆಯದನ್ನು ಬಿಡಬಾರದು. ಮಾಸಿನ ಒತ್ತಡ ಹೆಚ್ಚುವುದು ಆರನೆಯ ತಿಂಗಳಲ್ಲಿ ಎಂದು ಆಗಲೇ ಹೇಳಿದೆನಷ್ಟೆ. ಇನ್ನು, ಬಸುರಿಗೆ ಮುಂಚೆಯೇ ಸಕ್ಕರೆ ಕಾಯಿಲೆ ಇರುವ ಹೆಣ್ಣುಮಕ್ಕಳು ಬಸುರಾಗುವ ಮುನ್ನವೇ ಡಾಕ್ಟರನ್ನು ಕಂಡು ಸಕ್ಕರೆಯನ್ನು ಅಂಕೆಗೆ ತಂದುಕೊಳ್ಳಬೇಕು. ಏಕೆಂದರೆ ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಕೆಲವೇ ವಾರಗಳಲ್ಲಿ.

ಎಲ್ಲ ಪಂಡಿತರೂ ಈ ಒಂದೇ ಪರೀಕ್ಷೆಯನ್ನು ಒಪ್ಪಿದ್ದಾರೆಂದು ಹೇಳಿದರೆ ಸುಳ್ಳಾದೀತು. 9 ದೇಶಗಳ 23,000ಕ್ಕೂ ಹೆಚ್ಚು ಬಸುರಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದ ಮೇಲೆ ನಿಂತು, ಖಾಲಿ ಹೊಟ್ಟೆಯಲ್ಲಿ 92, ಗ್ಲೂಕೋಸ್ ಕುಡಿದ ಒಂದು ಗಂಟೆಗೆ 180, ಎರಡು ಗಂಟೆಗೆ 153 ಎಂಬ ಮೂರು ಗೆರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿತು. ಒಂದೇ ಸಲ ರಕ್ತ ನೋಡಿದರೆ ಕೆಲವರು ತಪ್ಪಿಹೋಗುತ್ತಾರೆ ಎಂಬುದು ಆ ಪಕ್ಷದವರ ಮಾತು. ಅದರಲ್ಲಿ ಹುರುಳಿದೆ. ನಿಮ್ಮ ಡಾಕ್ಟರು ಆ ಕ್ರಮ ಹೇಳಿದರೆ ಅದನ್ನೇ ಮಾಡಿಸಿ. ಪಂಡಿತರ ಭೇದ ಯಾವ ಪರೀಕ್ಷೆ ಎಂಬುದರಲ್ಲಿ. ಪರೀಕ್ಷೆ ಬೇಡ ಎಂದು ಹೇಳುವವರನ್ನು ಕಟ್ಟಿಕೊಂಡು ನಮಗೆ ಕೆಲಸವಿಲ್ಲ.

ಊಟದ ಮಾತು

ಕಾಯಿಲೆ ಇದೆ ಎಂದು ತಿಳಿದ ಮೇಲೆ ಏನು ಮಾಡಬೇಕು? ಮೊದಲ ಔಷಧ ಊಟ. ಎರಡು ವಾರ ಊಟದ ಕ್ರಮ ತಿದ್ದಿ, ಡಾಕ್ಟರು ಒಪ್ಪಿದರೆ ದಿನಕ್ಕೆ ಅರ್ಧ ಗಂಟೆ ನಡೆದು, ಮತ್ತೆ ರಕ್ತ ನೋಡುತ್ತಾರೆ. ಊಟವಾದ ಎರಡು ಗಂಟೆಗೆ 120ರ ಒಳಗೆ, ಖಾಲಿ ಹೊಟ್ಟೆಯಲ್ಲಿ 95ರ ಒಳಗೆ ಇದ್ದರೆ ಊಟದ ಕ್ರಮವೇ ಸಾಕು. ಬಹುಮಂದಿ ತಾಯಂದಿರು ಇಷ್ಟರಿಂದಲೇ ಪಾರಾಗುತ್ತಾರೆ.

ಇಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಒಂದು, "ಎರಡು ಜೀವ, ಇಬ್ಬರ ಪಾಲು ಉಣ್ಣಬೇಕು" ಎಂಬುದು. ಎರಡು, ಸಕ್ಕರೆ ಕಾಯಿಲೆ ಎಂದ ಕೂಡಲೇ ಅನ್ನ ನಿಲ್ಲಿಸಿ ಹಸಿವಿನಲ್ಲಿ ಇಡುವುದು. ಎರಡೂ ಕೇಡು. ಬಸುರಿ ಉಪವಾಸ ಇರಬಾರದು. ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ಹೀಗೆ ಒಂದು ದಿನದ ಆಹಾರವನ್ನು ಹಂಚಿಕೊಳ್ಳಬೇಕು. ತಟ್ಟೆಯ ಅರ್ಧ ಸೊಪ್ಪು ತರಕಾರಿ. ಕಾಲು ಭಾಗ ಹೆಸರುಕಾಳು, ಹುರುಳಿ, ತೊಗರಿಬೇಳೆ, ಮೊಟ್ಟೆ, ಮೀನು ಇಂಥವು. ಉಳಿದ ಕಾಲು ಭಾಗ ಅನ್ನವೋ ರೊಟ್ಟಿಯೋ ಮುದ್ದೆಯೋ. ಜೋಳದ ರೊಟ್ಟಿ, ರಾಗಿ ಮುದ್ದೆ ಒಳ್ಳೆಯವೇ. ಆದರೆ "ರಾಗಿ ತಾನೇ" ಎಂದು ಎರಡು ದೊಡ್ಡ ಮುದ್ದೆ ಉಂಡರೆ ಅದೂ ಸಕ್ಕರೆಯೇ.

ನಮ್ಮ ಊರಿನ ಅಭ್ಯಾಸಗಳನ್ನು ನೋಡಿ. ಬೆಳಿಗ್ಗೆ ಟೀ, ಹತ್ತಕ್ಕೆ ಟೀ, ಮೂರಕ್ಕೆ ಟೀ, ಪಾಳಿ ಬಿಟ್ಟಾಗ ಟೀ. ಒಂದೊಂದರಲ್ಲೂ ಎರಡು ಚಮಚ ಸಕ್ಕರೆ. ಹಸಿವಾದಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಂಡಕ್ಕಿ ಹಗುರ ಎಂದು ತಿನ್ನುತ್ತೇವೆ. ಹೊಟ್ಟೆಗೆ ಹಗುರ, ಆದರೆ ಅದರ ಸಕ್ಕರೆ ಬೇಗ ರಕ್ತಕ್ಕೆ ಇಳಿಯುತ್ತದೆ. ಅದರ ಬದಲು ಒಂದು ಹಿಡಿ ಹುರಿದ ಕಡಲೆ, ಬೇಯಿಸಿದ ಕಾಳು, ಒಂದು ಲೋಟ ಮಜ್ಜಿಗೆ ಮೇಲು. ಬೆಲ್ಲ, ಜೇನುತುಪ್ಪ ನಿರಪಾಯ ಎಂಬುದು ತಪ್ಪು. ರಕ್ತಕ್ಕೆ ಸೇರಿದ ಮೇಲೆ ಅವೂ ಸಕ್ಕರೆಯೇ. ಬಾಟಲಿಯ ಸಿಹಿ ಪಾನೀಯ, ಹಣ್ಣಿನ ರಸ ಬೇಡ. ಹಣ್ಣನ್ನು ಹಣ್ಣಾಗಿಯೇ ಮಿತವಾಗಿ ತಿನ್ನಬಹುದು.

ನಮ್ಮ ರಾಜ್ಯದಲ್ಲಿ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಊಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಗೊತ್ತುಮಾಡಿದರು. ರಕ್ತಹೀನತೆಯಿಂದ ಬಳಲುವ ತಾಯಂದಿರಿಗೆ ಅದು ದೊಡ್ಡ ಆಸರೆ. ಅದನ್ನು ಯಾರೂ ಹೀಗಳೆಯಬಾರದು. ಆದರೆ ಸಕ್ಕರೆ ಕಾಯಿಲೆ ಕಂಡ ತಾಯಿ ಬೆಲ್ಲದ ಚಿಕ್ಕಿಯನ್ನು ಬಿಟ್ಟು, ಅನ್ನ ಕಡಿಮೆ ಮಾಡಿ, ಮೊಟ್ಟೆ, ಬೇಳೆ, ಪಲ್ಯವನ್ನು ಪೂರಾ ಉಣ್ಣಲಿ. ಅಂಗನವಾಡಿ ಕಾರ್ಯಕರ್ತೆಯೊಡನೆ ಇದನ್ನು ಬಾಯಿಬಿಟ್ಟು ಮಾತಾಡಬೇಕು. ಸೀಮಂತದಲ್ಲಿಯೂ ಹಾಗೆಯೇ. ಉಡಿ ತುಂಬಲಿ, ಹಸಿರು ಬಳೆ ತೊಡಿಸಲಿ, ಹಾಡು ಹೇಳಲಿ. ಐದು ಬಗೆಯ ಸಿಹಿಯನ್ನು ಬಾಯಿಗೆ ತುರುಕಿದರೆ ಮಾತ್ರ ಹರಕೆ ಫಲಿಸುತ್ತದೆಂದು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಇನ್ನೊಂದು ಮಾತು ಗಂಡಸರಿಗೆ. ನಮ್ಮ ಮನೆಗಳಲ್ಲಿ ಹೆಂಗಸು ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುತ್ತಾಳೆ. ಉಳಿಯುವುದು ಯಾವುದು? ಅನ್ನ ಮತ್ತು ತಿಳಿಸಾರು. ಕಾಳು, ಪಲ್ಯ, ಮೊಟ್ಟೆ ಮೊದಲೇ ಖಾಲಿ. ಡಾಕ್ಟರು ಬರೆದುಕೊಟ್ಟ ಊಟದ ಪಟ್ಟಿ ಗೋಡೆಯ ಮೇಲೆ ತೂಗುತ್ತದೆ, ತಟ್ಟೆಯ ಮೇಲೆ ಇಳಿಯುವುದಿಲ್ಲ. ಬಸುರಿಗೆ ಮೊದಲು ಬಡಿಸುವುದು, ಹೊತ್ತಿಗೆ ಸರಿಯಾಗಿ ಬಡಿಸುವುದು ಯಾವ ಖರ್ಚೂ ಇಲ್ಲದ ಚಿಕಿತ್ಸೆ.

ಸೂಜಿಯ ಭಯ

ಊಟದ ಕ್ರಮದಿಂದ ಸಕ್ಕರೆ ಇಳಿಯದಿದ್ದರೆ ಡಾಕ್ಟರು ಇನ್ಸುಲಿನ್ ಕೊಡುತ್ತಾರೆ. 20 ವಾರ ಕಳೆದ ಬಸುರಿಗೆ ಮೆಟ್‌ಫಾರ್ಮಿನ್ ಎಂಬ ಗುಳಿಗೆಯನ್ನೂ ಕೊಡಬಹುದೆಂದು 2018ರ ಮಾರ್ಗಸೂಚಿ ಹೇಳಿದೆ. ಸೂಜಿ ಎಂದ ಕೂಡಲೇ ಮನೆಯವರು ಗಾಬರಿಯಾಗುತ್ತಾರೆ. ಮಗುವಿಗೆ ತಾಕೀತು, ಒಮ್ಮೆ ಹಿಡಿದರೆ ಜನ್ಮವಿಡೀ ಬಿಡಿಸಲಾಗದು ಎನ್ನುತ್ತಾರೆ. ಇನ್ಸುಲಿನ್ ಮಾಸನ್ನು ದಾಟುವುದಿಲ್ಲ ಎಂದು ಆಗಲೇ ಹೇಳಿದೆ. ಹೆರಿಗೆಯಾದ ಮೇಲೆ ಮಾಸು ಹೊರಬೀಳುತ್ತದೆ, ಅದರ ಒತ್ತಡವೂ ಹೋಗುತ್ತದೆ. ಬಹುಮಂದಿಗೆ ಆಗಲೇ ಸೂಜಿ ನಿಲ್ಲುತ್ತದೆ.

ಇನ್ಸುಲಿನ್ ಕೆನಡಾ ದೇಶದ ಟೊರಾಂಟೊದಲ್ಲಿ 1921ರಲ್ಲಿ ಸಿದ್ಧವಾಯಿತು. ಅದಕ್ಕೆ ಮುಂಚೆ ಸಕ್ಕರೆ ಕಾಯಿಲೆಯವಳು ಬಸುರಾದರೆ ತಾಯಿಯೋ ಮಗುವೋ ಉಳಿಯುವುದೇ ಅಪರೂಪವಾಗಿತ್ತು. ಕಂಡುಹಿಡಿದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬುವರು ಅದರ ಹಕ್ಕನ್ನು 1923ರಲ್ಲಿ ತಲಾ 1 ಡಾಲರಿಗೆ ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಜೀವ ಉಳಿಸುವ ವಸ್ತು ಒಬ್ಬನ ಗಲ್ಲಾಪೆಟ್ಟಿಗೆಯಲ್ಲಿ ಬೀಗ ಬೀಳಬಾರದು ಎಂಬುದನ್ನು ಅವರು ಮಾಡಿ ತೋರಿಸಿದರು.

ಸೂಜಿ ತೆಗೆದುಕೊಳ್ಳುವವಳು ಊಟ ತಪ್ಪಿಸಬಾರದು. ಕೈ ನಡುಕ, ಬೆವರು, ತಲೆನೋವು, ವಿಪರೀತ ಹಸಿವು ಕಂಡರೆ ಸಕ್ಕರೆ ಕುಸಿದಿದೆ ಎಂದು ತಿಳಿಯಬೇಕು. ಕೂಡಲೇ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕುಡಿಸಿ ಮಲಗಿಸಬೇಕು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಕೊನೆಯ ತಿಂಗಳುಗಳಲ್ಲಿ ಊಟವಾದ ಮೇಲೆ ಮಗ್ಗುಲಾಗಿ ಮಲಗಿ ಮಗು ಒದೆಯುವುದನ್ನು ಎಣಿಸಬೇಕು. ಎರಡು ಗಂಟೆಯಲ್ಲಿ ಆರು ಸಲವೂ ಒದೆಯದಿದ್ದರೆ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ಇಂಥವರ ಹೆರಿಗೆ ಮನೆಯಲ್ಲಿ ಆಗಬಾರದು, ಆಸ್ಪತ್ರೆಯಲ್ಲಿಯೇ ಆಗಬೇಕು. ಕಾಯಿಲೆ ಇದೆ ಎಂದ ಮಾತ್ರಕ್ಕೆ ಹೊಟ್ಟೆ ಕೊಯ್ಯಬೇಕೆಂದಿಲ್ಲ. ಸಕ್ಕರೆ ಅಂಕೆಯಲ್ಲಿದ್ದರೆ ಸಹಜ ಹೆರಿಗೆಯೇ ಆಗಬಹುದು.

ನಮ್ಮ ಕೇರಿಯಲ್ಲಿಯೇ ನೂಲು ಸುತ್ತುವ ಖಾತೆಯಲ್ಲಿ ದುಡಿಯುವ ಒಬ್ಬ ತಂಗಿಗೆ ಮೊದಲ ಮಗು ಒಂಬತ್ತನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆಗ ಯಾರೂ ರಕ್ತದ ಸಕ್ಕರೆ ನೋಡಿರಲಿಲ್ಲ. ಗ್ರಹಚಾರ ಎಂದರು, ದೃಷ್ಟಿ ಎಂದರು, ಸೊಸೆಯ ಕಾಲ್ಗುಣ ಎಂದೂ ಅಂದರು. ಎರಡನೆಯ ಬಸುರಿನಲ್ಲಿ ಪರೀಕ್ಷೆಯಾಯಿತು, ಸಕ್ಕರೆ ಹೆಚ್ಚಿತ್ತು. ಊಟ ಬದಲಾಯಿಸಿದರು, ಸಾಲದೆ ಸೂಜಿ ಹಿಡಿದರು. ಗಂಡ ದಿನವೂ ಪಾಳಿಗೆ ಹೋಗುವ ಮುಂಚೆ ತಾನೇ ಸೂಜಿ ಹಾಕುವುದನ್ನು ಕಲಿತ. ಈಗ ಆ ಹುಡುಗಿ ಅಂಗನವಾಡಿಗೆ ಹೋಗುತ್ತಿದ್ದಾಳೆ. ಮೊದಲ ಮಗುವಿಗೂ ಎರಡನೆಯದಕ್ಕೂ ನಡುವೆ ಇದ್ದ ಅಂತರ ಒಂದು ಲೋಟ ಗ್ಲೂಕೋಸ್ ನೀರು ಮತ್ತು ಎರಡು ಗಂಟೆ.

ಹೆರಿಗೆಯಾದ ಮೇಲೆ

ಹೆರಿಗೆಯಾಯಿತು, ಸಕ್ಕರೆ ಇಳಿಯಿತು, ಇನ್ನೇನು ಎಂದು ಕೈತೊಳೆದುಕೊಳ್ಳಬಾರದು. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಮೊಲೆಹಾಲು ಕುಡಿಸಬೇಕು. ಮಗುವಿನ ರಕ್ತದ ಸಕ್ಕರೆಯನ್ನು ನೋಡಬೇಕು. ಬಾಣಂತಿಗೆ ಅಂಟಿನ ಉಂಡೆ, ಬೆಲ್ಲ ಕೊಬ್ಬರಿ ಕೊಡುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಬೇಕು. ಆರು ವಾರಕ್ಕೆ ತಾಯಿಗೆ ಮತ್ತೊಮ್ಮೆ ಗ್ಲೂಕೋಸ್ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ಏಕೆಂದರೆ ಬಸುರಿನಲ್ಲಿ ಈ ಕಾಯಿಲೆ ಬಂದವರಿಗೆ ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು. ಆರು ವಾರಕ್ಕೆ ಮಗುವಿಗೆ ಲಸಿಕೆ ಹಾಕಿಸಲು ಹೇಗೂ ಹೋಗುತ್ತೀರಿ. ಅದೇ ದಿನ ತಾಯಿಯ ರಕ್ತವನ್ನೂ ನೋಡಿಸಿದರೆ ಇನ್ನೊಂದು ದಿನದ ಕೂಲಿ ಉಳಿಯಿತು.

ಮಕ್ಕಳ ಮೇಲೂ ನೆರಳು ಉಳಿಯುತ್ತದೆ. ಮೈಸೂರಿನ ಅದೇ ತಾಯಂದಿರ ಮಕ್ಕಳನ್ನು ಒಂಬತ್ತೂವರೆ ವರ್ಷಕ್ಕೆ ಮತ್ತೆ ನೋಡಿದಾಗ, ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬು ಹೆಚ್ಚಿತ್ತು. ಇನ್ಸುಲಿನ್ನಿನ ಕೆಲಸ ಕುಂದಿತ್ತು. ಈ ಹೆಣ್ಣುಮಕ್ಕಳು ನಾಳೆ ತಾಯಂದಿರು. ಸಾಲ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದನ್ನು ನಾವು ಕಂಡಿದ್ದೇವೆ. ಇದೂ ಅಂಥ ಒಂದು ಸಾಲ. ಬಸುರಿನಲ್ಲಿಯೇ ಬಡ್ಡಿ ಕಟ್ಟಿ ಮುಗಿಸುವುದು ಲೇಸು.

ನಾವು ಮಾಡಬೇಕಾದುದು

ಈಗ ಶಾಲೆಯ ಒಂದು ಲೆಕ್ಕ. ಹೆರಿಗೆಗೆ ಮುಂಚಿನ 8 ವಾರ ರಜೆ ಎಂದು ಬಿಟ್ಟರೆ ಬಸುರಿ ದುಡಿಯುವುದು 32 ವಾರ. ವಾರಕ್ಕೆ 48 ಗಂಟೆಯಂತೆ 1,536 ಗಂಟೆ. ಎರಡು ಪರೀಕ್ಷೆಗೆ ಬೇಕಾದುದು 4 ಗಂಟೆ. 384ರಲ್ಲಿ ಒಂದು ಪಾಲು! ಈ ಒಂದು ಪಾಲನ್ನು ಹಾಜರಿ ಕಡಿಯದೆ ಕೊಟ್ಟರೆ ಯಾವ ಗಿರಣಿಯ ಚಕ್ರವೂ ನಿಲ್ಲುವುದಿಲ್ಲ. ನಮ್ಮ ಮೊದಲ ಬೇಡಿಕೆ ಇದು: ಬಸುರಿ ಕಾರ್ಮಿಕಳಿಗೆ ತಪಾಸಣೆಯ ಹೊತ್ತಿಗೆ ಕೂಲಿ ಕಡಿಯಬಾರದು; ಊಟದ ಹೊತ್ತು ತಪ್ಪಿಸುವ ಪಾಳಿಗೆ ಅವಳನ್ನು ಹಾಕಬಾರದು.

ಎರಡನೆಯದು, ಇರುವ ಹಕ್ಕನ್ನು ತಿಳಿಯುವುದು. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಬಸುರಿನಿಂದ ಬಂದ ಕಾಯಿಲೆಗೆ ಇನ್ನೂ ಒಂದು ತಿಂಗಳ ರಜೆಯೂ ಆ ಕಾಯಿದೆಯಲ್ಲಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇವೆರಡನ್ನೂ ಉಳಿಸಿಕೊಂಡಿದ್ದಾರೆ. ಕೇಳದಿದ್ದರೆ ಯಾರೂ ಮನೆಗೆ ತಂದುಕೊಡುವುದಿಲ್ಲ. ಅಂಗಡಿಯಲ್ಲಿ ಗಂಡನ ಜೊತೆ ನಿಂತು ದುಡಿಯುವವಳಿಗೆ, ತರಕಾರಿ ಬುಟ್ಟಿ ಹೊರುವವಳಿಗೆ ಇಂಥ ರಜೆ ಇಲ್ಲ. ಈ ಅನ್ಯಾಯ ತುಂಬುವವರೆಗೆ ಹೋರಾಟ ಮುಗಿಯದು.

ಮೂರನೆಯದು, ಸರ್ಕಾರಿ ಆಸ್ಪತ್ರೆಯನ್ನು ಬಳಸುವುದು, ಅಲ್ಲಿ ಇರಬೇಕಾದುದನ್ನು ಇರುವಂತೆ ಮಾಡುವುದು. 2016ರಲ್ಲಿ ಆರಂಭವಾದ ಯೋಜನೆಯಂತೆ ಪ್ರತಿ ತಿಂಗಳ 9ನೆಯ ತಾರೀಖು ಬಸುರಿಯರಿಗೆ ಉಚಿತ ತಪಾಸಣೆ ಗೊತ್ತುಮಾಡಿದ್ದಾರೆ. ತಾಯಿ ಕಾರ್ಡು ಹಿಡಿದು ಹೋಗಿ, "ಗ್ಲೂಕೋಸ್ ಪರೀಕ್ಷೆ ಆಯಿತೇ? ಯಾವ ವಾರದಲ್ಲಿ ಆಯಿತು? ಎಷ್ಟು ಬಂತು?" ಎಂದು ಕೇಳಿ ಬರೆಸಿಕೊಳ್ಳಿ. ಗ್ಲೂಕೋಸ್ ಮುಗಿದಿದೆ, ಯಂತ್ರದ ಪಟ್ಟಿ ಬಂದಿಲ್ಲ ಎಂದರೆ ದಾದಿಯ ಮೇಲೆ ರೇಗಬೇಡಿ. ಅವಳೂ ನಮ್ಮಂತೆ ದುಡಿಯುವವಳು. ಮೇಲಿನವರಿಗೆ ಹತ್ತು ಮಂದಿ ಸಹಿ ಹಾಕಿದ ಅರ್ಜಿ ಕೊಡಿ. ಅರ್ಜಿ ಬರೆಯಲು ನಾನಿದ್ದೇನೆ.

ನಾಲ್ಕನೆಯದು, ಇಲ್ಲಿ ಕುಳಿತ ಒಬ್ಬೊಬ್ಬರೂ ಈ ರಾತ್ರಿ ಮನೆಗೆ ಹೋಗಿ ಮಾಡಬಹುದಾದ ಕೆಲಸ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಬಸುರಿ ಇದ್ದರೆ ಎಷ್ಟನೆಯ ವಾರ ಎಂದು ಕೇಳಿ. 24 ಆಗಿದ್ದರೆ, ಪರೀಕ್ಷೆ ಆಗಿರದಿದ್ದರೆ, ಈ ವಾರವೇ ಕರೆದೊಯ್ಯಿರಿ. 28 ಕಳೆದಿದ್ದರೂ ಬಿಡಬೇಡಿ. ತಡವಾದರೂ ಪರೀಕ್ಷೆ ಮಾಡಿಸಬಹುದು. ಕರೆದೊಯ್ಯುವವರು ಗಂಡಸರೇ ಆಗಲಿ. ಆ ಎರಡು ಗಂಟೆ ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತುಕೊಳ್ಳಿ. ಅವಳಿಗೆ ಅದೇ ಅರ್ಧ ಧೈರ್ಯ.

 ತಾಯಂದಿರಲ್ಲಿ ಯಾರಿಗಾದರೂ ಪ್ರಶ್ನೆಗಳಿದ್ದರೆ ಸಂಕೋಚ ಬಿಟ್ಟು ಈಗಲೇ ಕೇಳಿ. ಮುಂದಿನ ಸಾಲಿನವರು ನಗುವುದಿಲ್ಲ ಎಂದು ಅವರ ಪರವಾಗಿ ನಾನು ಮಾತು ಕೊಡುತ್ತೇನೆ.